ಹನ್ನೊಂದು ನಿಮಿಷದ ಹಸಿರು

ಹಾಲು ಉಕ್ಕಿದರೆ ಆ ಕ್ಷಣವೇ ಗೊತ್ತಾಗುತ್ತದೆ. ಗಾಜಿನ ಲೋಟ ಬಿದ್ದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ಆದರೆ ಅಂದಾಜಪ್ಪನವರು ಮಾಡಿದ ತಪ್ಪು ಹೊರಬೀಳಲು ಸರಿಯಾಗಿ ಐದು ದಿನ ತೆಗೆದುಕೊಂಡಿತು. ಬಿದ್ದಾಗ ಮಾತ್ರ ಹಸಿರು ಬಣ್ಣದಲ್ಲಿ, ಮೂರನೇ ಮಹಡಿಯಿಂದ ಕನ್ನಡಕವಿಲ್ಲದೆ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ ಬಿತ್ತು.

ಅಂದಾಜಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಮೀಟರ್ ಓದಿ ಸಂಪಾದಿಸಿದ್ದು. ಗೇಟಿಗೆ ಬೀಗವಿದ್ದರೆ, ಗೇಟಿನಾಚೆ ನಾಯಿಯಿದ್ದರೆ, ಅಥವಾ ಮೀಟರಿನ ಮುಚ್ಚಳ ತೆಗೆಯಲು ಸೊಂಟ ಬಗ್ಗಿಸಬೇಕಾಗಿದ್ದರೆ, ಅವರು ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನೊಮ್ಮೆ ನೋಡಿ, ಗಲ್ಲ ತುರಿಸಿಕೊಂಡು, ಒಂದು ಅಂಕಿ ಬರೆಯುತ್ತಿದ್ದರು. ಆಶ್ಚರ್ಯವೆಂದರೆ ಅದು ಸುಮಾರಾಗಿ ಸರಿಯೇ ಇರುತ್ತಿತ್ತು. ಕೊನೆಗೆ ಮೀಟರುಗಳೇ ತಮ್ಮ ಅಂಕಿಯನ್ನು ತಾವೇ ಕಚೇರಿಗೆ ಕಳಿಸುವ ಕಾಲ ಬಂತು. ಕಚೇರಿಯವರು ಅಂದಾಜಪ್ಪನವರ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ವಯಸ್ಸು ನಲವತ್ತೆಂಟು. ಇದು ಅಂದಾಜಲ್ಲ.

ಮುಂದೆ ಎರಡೇ ದಾರಿ. ಒಂದು, ಹೆಂಡತಿಯ ಅಣ್ಣನ ಗೋದಾಮು. ಈ ಭಾವ ಅವರಿದ್ದ ವಸತಿ ಸಮುಚ್ಚಯದ ಕಾರ್ಯದರ್ಶಿಯೂ ಹೌದು. ಉಸಿರು ಬಿಟ್ಟರೂ ಸುತ್ತೋಲೆಯ ರೂಪದಲ್ಲೇ ಬಿಡುವ ಮನುಷ್ಯ. "ಗೋದಾಮಿನ ಗೇಟಲ್ಲಿ ಕೂತು ಲಾರಿ ಬಂತು, ಲಾರಿ ಹೋಯ್ತು ಅಂತ ಬರೀಬೇಕು, ಅಷ್ಟೇ. ನಿಮಗೆ ಅಂತಾನೇ ಒಂದು ಸ್ಟೂಲ್ ತಂದಿಟ್ಟಿದೀನಿ ಭಾವ," ಎಂದಿದ್ದ. ಅಂದಾಜಪ್ಪ ಹೋಗಿ ನೋಡಿ ಬಂದರು. ಮೂರು ಕಾಲಿನ ಸ್ಟೂಲು. ಅದರ ಮೇಲೆ ಆಗಲೇ ಇವರ ಹೆಸರಿನ ಚೀಟಿ ಅಂಟಿಸಿದ್ದರು. ಅವತ್ತಿನಿಂದ ಮೂರು ಕಾಲಿನ ಯಾವ ವಸ್ತು ಕಂಡರೂ ಅವರ ಎದೆ ಧಸಕ್ಕೆನ್ನುತ್ತಿತ್ತು.

ಇನ್ನೊಂದು ದಾರಿ ಹುಲ್ಲು. ಊರಿನ ತರಬೇತಿ ಕೇಂದ್ರದಲ್ಲಿ ಒಂಬತ್ತು ತಿಂಗಳ ಕೋರ್ಸು: ನೆಲ ಮಟ್ಟ ಮಾಡುವುದು, ನೀರು ಹರಿಯಲು ಇಳಿಜಾರು ಕೊಡುವುದು, ಹುಲ್ಲಿನ ಸುರುಳಿ ಹಾಸುವುದು, ಹಾಸಿದ್ದನ್ನು ಸಾಕುವುದು. ಪಾಸಾದರೆ ಊರಿನ ಆಟದ ಮೈದಾನದಲ್ಲಿ ಕೆಲಸ ಖಾಯಂ. ಲೋಕ ಯಾವುದನ್ನು ತೃಣಸಮಾನ ಎಂದು ತಳ್ಳಿಹಾಕುತ್ತದೋ ಆ ತೃಣವನ್ನೇ ನಂಬಿ ಅಂದಾಜಪ್ಪ ಸೇರಿಬಿಟ್ಟರು.

ಕೈಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆಂದು ಸಮುಚ್ಚಯದ ನಾಲ್ಕು ಕಟ್ಟಡಗಳ ನಡುವಿನ ಬೋಳು ಅಂಗಳವನ್ನೇ ಆರಿಸಿಕೊಂಡು, ಕಲ್ಲು ಹೆಕ್ಕಿ, ರೋಲರ್ ಎಳೆದು, ಇಟ್ಟಿಗೆ ಕಟ್ಟಿದ ಹಾಗೆ ಸಂದಿಗೆ ಸಂದಿ ತಪ್ಪಿಸಿ ಸುರುಳಿ ಹಾಸಿದ್ದರು. ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಹುಲ್ಲು ಬೇರೂರಿತು. ಜೊತೆಗೆ ಅಂದಾಜಪ್ಪನವರ ತಲೆಯಲ್ಲಿ ಸ್ವಲ್ಪ ಹೆಮ್ಮೆಯೂ ಬೇರೂರಿತು. ಸಮುಚ್ಚಯದ ಸಭೆಯಲ್ಲಿ ಭಾವ, "ಇದಕ್ಕೆಲ್ಲಾ ಲೆಕ್ಕಾಚಾರ ಬೇಕಂತಲ್ಲ, ನಿಮಗೆ ಬರುತ್ತಾ ಭಾವ?" ಎಂದು ಎಲ್ಲರೆದುರು ಕೆಣಕಿದಾಗ, ಅವರು ಎದ್ದು ನಿಂತು ಹೇಳಿಬಿಟ್ಟರು:

"ಲೆಕ್ಕ ನನಗೆ ನೀರು ಕುಡಿದ ಹಾಗೆ. ನಮ್ಮ ಕ್ಲಾಸಲ್ಲಿ ಲೆಕ್ಕಕ್ಕೆ ನಾನೇ ಫಸ್ಟು. ಮೇಡಂ ಬೇರೆಯವರಿಗೆಲ್ಲಾ, ಇವರನ್ನ ನೋಡಿ ಕಲೀರಿ ಅಂತಾರೆ."

ಮೇಡಂ ಹಾಗೆ ಅಂದಿದ್ದು ನಿಜ. ಆದರೆ ಅದು ಗುದ್ದಲಿ ಹಿಡಿಯುವ ಬಗೆಗೆ. ಲೆಕ್ಕದ ಹೊತ್ತಿಗೆ ಅಂದಾಜಪ್ಪ ಸಾಮಾನ್ಯವಾಗಿ ಹೊರಗೆ ಹೋಗಿ ಕೊಳವೆಗೆ ನೀರು ಬರುತ್ತಿದೆಯೇ ಎಂದು ನೋಡುತ್ತಿದ್ದರು.

ತರಬೇತಿ ಮೇಡಂ ಮಾತೆಂದರೆ ಕತ್ತರಿ ಆಡಿಸಿದ ಹಾಗೆ. ಕಚ್, ಕಚ್, ಮುಗಿಯಿತು. ಪರೀಕ್ಷೆಗೆ ಎಂಟು ದಿನ ಇರುವಾಗ ಗೊಬ್ಬರ ಚೆಲ್ಲುವ ಗಾಡಿಯನ್ನು ಅವರ ಕೈಗೊಪ್ಪಿಸಿ ಹೇಳಿದರು: "ಚದರ ಮೀಟರಿಗೆ ಐದು ಗ್ರಾಂ ಬೀಳೋ ಹಾಗೆ ನಾನೇ ಅಳೆದು ಗುರುತು ಹಾಕಿದೀನಿ. ಅದನ್ನ ಮುಟ್ಟಬೇಡಿ. ಕೆಳಗಿನ ತಗಡು ಸ್ವಲ್ಪ ಸೋರುತ್ತೆ. ರಬ್ಬರ್ ಬದಲಾಯಿಸಿ. ಒಟ್ಟು ಎಷ್ಟು ಯೂರಿಯಾ ತುಂಬಬೇಕು, ಲೆಕ್ಕ ನಿಮ್ಮದು. ಬೇರೆಯವರ ಹತ್ರ ಮಾಡಿಸಿದ್ದು ಗೊತ್ತಾದ್ರೆ ಫೇಲ್."

"ಆಯ್ತು ಮೇಡಂ," ಎಂದ ಅಂದಾಜಪ್ಪನವರ ಕಿವಿಗೆ ಕೊನೆಯ ಎರಡಕ್ಷರ ಮಾತ್ರ ಹೊಕ್ಕಿತ್ತು.

ಆ ಮಧ್ಯಾಹ್ನ ಅವರು ರಬ್ಬರ್ ಬದಲಾಯಿಸಲಿಲ್ಲ. ಒಂದು ಚಿಂದಿ ಬಟ್ಟೆಯನ್ನು ಅಂದಾಜಿಗೆ ತುರುಕಿದರು. ಅದನ್ನೂ ತುರುಕಬೇಕಾದ ಜಾಗದ ಪಕ್ಕದಲ್ಲಿ ತುರುಕಿದರು. ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಮಾಡಿದರು. ಮೊದಲು ನಾಲ್ಕು ಬದಿಯನ್ನೂ ಕೂಡಿ ಎಂಬತ್ತು ಅಂದುಕೊಂಡರು. ಆಮೇಲೆ ಇನ್ನೂರು ಗ್ರಾಂ ಬಂತು. ಮತ್ತೊಮ್ಮೆ ಮಾಡಿದರೆ ಇಪ್ಪತ್ತು ಕಿಲೋ. ದಶಮಾಂಶದ ಚುಕ್ಕಿ ಚಿಗಟದಂತೆ ಹಾರುತ್ತಿತ್ತು, ಬೆರಳಿಟ್ಟಲ್ಲಿ ಇರುತ್ತಿರಲಿಲ್ಲ. ಇನ್ನೂರು ಗ್ರಾಂ ಹಾಕಿದರೆ ಹುಲ್ಲಿಗೆ ಸುದ್ದಿಯೂ ಮುಟ್ಟುವುದಿಲ್ಲ, ಇಪ್ಪತ್ತು ಕಿಲೋ ಹಾಕಿದರೆ ಸುಟ್ಟು ಕರಕಲು. ಅವರು ಎರಡು ಕಿಲೋದ ಹೊಸ ಪೊಟ್ಟಣವನ್ನು ಸುಮ್ಮನೆ ಗಾಡಿಗೆ ಸುರಿದು, ಅದು ಸಾಕೋ ಸಾಲದೋ ಎಂದು ತಿಳಿಯದೆ, ಗಾಡಿಯನ್ನು ತಳ್ಳಿಕೊಂಡೇ ಅಂಗಳದಲ್ಲಿ ಹೊರಟರು.

ಮೊದಲು ನೀರಿನ ಟ್ಯಾಂಕಿನ ಹಿಂದೆ ನಿಂತು ಒಂದು ಸಿಗರೇಟು ಸೇದಿದರು. ಈ ಸಿಗರೇಟನ್ನು ಅವರು ಎರಡು ವರ್ಷದ ಹಿಂದೆಯೇ ಬಿಟ್ಟಿದ್ದರು, ಹೆಂಡತಿಗೆ ತಿಳಿದಂತೆ. ಅಲ್ಲಿಂದ ನೆಲಮಹಡಿಯ ನಾಲ್ಕನೇ ನಂಬರಿನ ಕಿಟಕಿಗೆ ಹೋದರು. ಅಲ್ಲಿ ಒಂಟಿಯಾಗಿದ್ದವರು ಗಣಿತದ ಟೀಚರ್. ಐವತ್ತು ದಾಟಿದವರು, "ಆದ್ದರಿಂದ" ಎಂಬ ಪದವಿಲ್ಲದೆ ತರಕಾರಿಯನ್ನೂ ಕೊಳ್ಳದವರು.

"ಟೀಚರೇ, ಒಂದು ಸಣ್ಣ ಅನುಮಾನ. ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಅಗಲ, ಚದರ ಮೀಟರಿಗೆ ಐದು ಗ್ರಾಂ ಅಂದ್ರೆ..."

"ಇಪ್ಪತ್ತನ್ನ ಇಪ್ಪತ್ತರಿಂದ ಗುಣಿಸಿದ್ರೆ ನಾನೂರು. ಐದರಿಂದ ಗುಣಿಸಿದ್ರೆ ಎರಡು ಸಾವಿರ ಗ್ರಾಂ. ಆದ್ದರಿಂದ ಎರಡು ಕಿಲೋ. ಇದರಲ್ಲಿ ಅನುಮಾನ ಎಲ್ಲಿ ಬಂತು?"

"ಅದೇ, ಗುಣಿಸೋದು ಯಾಕೆ ಅಂತ..."

ಟೀಚರ್ ನಿಟ್ಟುಸಿರು ಬಿಟ್ಟು ಕಿಟಕಿಯ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ಚೌಕದೊಳಗೆ ಚೌಕ ಬರೆದು, ಚದರ ಮೀಟರ್ ಎಂದರೇನು ಎಂಬಲ್ಲಿಂದ ಶುರುಮಾಡಿದರು. ಅಂದಾಜಪ್ಪ ಕಂಗಾಲಾದಾಗ ಕೈಯಲ್ಲಿದ್ದುದನ್ನು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವ ಅಭ್ಯಾಸದವರು. ಆಗ ಕೈಯಲ್ಲಿದ್ದುದು ಗಾಡಿ. ಗಾಡಿ ಹಿಂದೆ ಹೋಯಿತು, ಮುಂದೆ ಬಂತು, ಸಣ್ಣಗೆ ಸೋರುತ್ತಲೇ ಇತ್ತು. ಪಾಠ ತಲೆಗೆ ಹತ್ತಿತು. ಅವರು ಖುಷಿಯಿಂದ ಹೋಗಿ ಒಂದು ಬದಿಯಿಂದ ಗೊಬ್ಬರ ಹೊಡೆದರು. ಕೊನೆಗೆ ಒಂದು ಪಟ್ಟಿ ಉಳಿದಿರುವಾಗಲೇ ಗಾಡಿ ಖಾಲಿಯಾಯಿತು. "ಇರಲಿ, ಅಂದಾಜು ಸರಿಯಾಗೇ ಇದೆ," ಎಂದುಕೊಂಡು ನೀರು ಬಿಟ್ಟರು.

ಯೂರಿಯಾದಲ್ಲಿರುವುದು ಸಾರಜನಕ. ಅದು ಅಂದಾಜಪ್ಪನವರ ಪಾಲಿಗೆ ಸಂಸಾರಜನಕ ದುಃಖವಾಗಿ ಮೊಳೆತದ್ದು ಐದನೆಯ ದಿನ ಬೆಳಗ್ಗೆ.

"ಅಯ್ಯೋ, ಬಂದು ನೋಡ್ರೇ!" ಎಂದು ಕೂಗಿದವರು ಮೂರನೇ ಮಹಡಿಯ ಅಜ್ಜಿ. ಅಜ್ಜಿಗೆ ಮಂಡಿನೋವು, ಹಗಲೆಲ್ಲಾ ಬಾಲ್ಕನಿಯೇ ಗತಿ. ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಕೇಳಿ ಅದೇ ಧಾಟಿ ಬಂದುಬಿಟ್ಟಿತ್ತು. ಒಂದೊಂದಾಗಿ ಬಾಲ್ಕನಿಗಳು ತುಂಬಿದವು. ಕೆಳಗೆ, ಎಳೆ ಹಸಿರು ಹುಲ್ಲುಹಾಸಿನ ಮೇಲೆ ಕಡು ಹಸಿರಿನ ಒಂದು ಗೆರೆ.

"ಇಲ್ಲಿಂದ ಹೊರಟಿದ್ದಾನೆ, ನೇರವಾಗಿ ಟ್ಯಾಂಕಿನ ಕಡೆಗೆ... ಟ್ಯಾಂಕಿನ ಹಿಂದೆ ಒಂದು ಚುಕ್ಕೆ, ನಿಂತಿದ್ದಾನೆ... ಅಲ್ಲಿಂದ ತಿರುವು, ಅದ್ಭುತ ತಿರುವು... ಓಡಿದ್ದಾನೆ, ಓಡಿದ್ದಾನೆ... ನಾಲ್ಕನೇ ನಂಬರಿನ ಕಿಟಕಿ! ಅಲ್ಲಿ ನೋಡ್ರೇ, ಎಷ್ಟಗಲ ಹಸಿರು! ಎಷ್ಟು ಹೊತ್ತು ನಿಂತಿದ್ನೋ ಏನೋ, ಒದ್ದಾಡಿಬಿಟ್ಟಿದ್ದಾನೆ ಪಾಪ!"

"ಟೀಚರ್ ಕಿಟಕಿ ಅಲ್ವೇನ್ರೀ ಅದು?" ಎಂದಿತು ಎರಡನೇ ಮಹಡಿ.

"ಅಂದಾಜಪ್ಪನೋರಾ? ಛೇ ಛೇ, ಇರಲಿಕ್ಕಿಲ್ಲ," ಎಂದು ಮೊದಲ ಮಹಡಿ ಹೇಳಿತು. ಅದು ಹೇಳಿದ ರೀತಿಗೆ ಇರಬಹುದು ಎಂದೇ ಅರ್ಥ.

ಮಾತು ಮೆಟ್ಟಿಲಿಳಿದು ಅಂದಾಜಪ್ಪನವರ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕಿಟಕಿಗೆ ಹೂವು, ಹೂವಿಗೆ ಚೀಟಿ, ಚೀಟಿಗೆ ಉತ್ತರ ಎಲ್ಲವೂ ಸೇರಿಕೊಂಡಿದ್ದವು. ಅವರ ಹೆಂಡತಿ ದರ್ಜಿ ಕೆಲಸದವರು. ಕುತ್ತಿಗೆಯಲ್ಲಿ ಸದಾ ಅಳತೆ ಟೇಪು. ಕಾಲು ಇಂಚನ್ನೂ ಬಿಟ್ಟುಕೊಡದ ಆ ಹೆಂಗಸು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಕೇಳಿದರು.

"ರೀ. ಟೀಚರ್ ಕಿಟಕಿ ಹತ್ರ ನಿಂತಿದ್ರಾ?"

ಅಂದಾಜಪ್ಪ ಯೋಚಿಸಿದರು. ಲೆಕ್ಕ ಹೇಳಿಸಿಕೊಂಡೆ ಎಂದರೆ ಅದು ಇವಳ ಅಣ್ಣನ ಕಿವಿಗೆ ಹೋಗುತ್ತದೆ. ಅಣ್ಣನಿಂದ ಸುತ್ತೋಲೆಗೆ, ಸುತ್ತೋಲೆಯಿಂದ ಮೇಡಂಗೆ. ಆಮೇಲೆ ಮೂರು ಕಾಲಿನ ಸ್ಟೂಲು.

"ನಿಂತಿದ್ದೆ. ಸುಮ್ನೆ. ಹೇಗಿದೀರಿ ಅಂತ ಕೇಳ್ದೆ."

"ಎಷ್ಟು ಹೊತ್ತು?"

ಹತ್ತು ಎಂದರೆ ಸುಳ್ಳು ಎನಿಸುತ್ತದೆ, ಐದು ಎಂದರೆ ಹಸಿರು ಒಪ್ಪುವುದಿಲ್ಲ. "ಒಂಬತ್ತು ನಿಮಿಷ," ಎಂದರು.

"ಹೇಗಿದೀರಿ ಅಂತ ಕೇಳೋಕೆ ಒಂಬತ್ತು ನಿಮಿಷ," ಎಂದು ಹೆಂಡತಿ ಗುರುತು ಹಾಕಿಕೊಂಡವರಂತೆ ಹೇಳಿ, ಹೊಲಿಗೆ ಯಂತ್ರ ತುಳಿಯತೊಡಗಿದರು. ಆ ಯಂತ್ರದ ಸದ್ದು ಅವತ್ತು ಮೆಷಿನ್ ಗನ್ನಿನ ಹಾಗೆ ಕೇಳಿಸಿತು.

ಅಂದಾಜಪ್ಪ ಓಡಿಹೋಗಿ ಹುಲ್ಲು ಕತ್ತರಿಸಿದರು. ಗೆರೆ ಇನ್ನೂ ಸ್ಪಷ್ಟವಾಯಿತು. ನೀರು ಸುರಿದರು. ಗೆರೆ ಹಿಗ್ಗಿತು. ಟೀಚರ್ ಕಿಟಕಿಯ ಬಳಿಯ ಹಸಿರಿನ ಮೇಲೆ ಒಂದು ಚಾಪೆ ಹಾಸಿದರು. "ಕೂತು ಮಾತಾಡೋಕೆ ಚಾಪೆ ಬೇರೆ ಹಾಕಿದಾನೆ!" ಎಂದು ಮೇಲಿನಿಂದ ವೀಕ್ಷಕ ವಿವರಣೆ ಬಂತು. ಚಾಪೆ ಎತ್ತಿದರು.

ಟೀಚರ್ ಕಿಟಕಿ ತೆರೆದರು. ಮುಖ ಕೆಂಡ.

"ನಾನು ಈಗಲೇ ಎಲ್ಲರಿಗೂ ಹೇಳ್ತೀನಿ, ನೀವು ಗುಣಾಕಾರ ಕಲಿಯೋಕೆ ಬಂದಿದ್ದು ಅಂತ."

"ಬೇಡಿ ಟೀಚರೇ, ಕೈ ಮುಗೀತೀನಿ. ಇನ್ನು ಮೂರೇ ದಿನ. ಲೆಕ್ಕ ನಂದಲ್ಲ ಅಂತ ಗೊತ್ತಾದ್ರೆ ಫೇಲ್ ಮಾಡ್ತಾರೆ."

"ನಿಮ್ಮ ಸರ್ಟಿಫಿಕೇಟಿಗೋಸ್ಕರ ಈ ವಯಸ್ಸಲ್ಲಿ ನಾನು ಕಥಾನಾಯಕಿ ಆಗ್ಬೇಕಾ?"

"ಮೂರು ದಿನ ಮಾತ್ರ!"

"ಮೂರು ದಿನ. ಅಂದ್ರೆ ಎಪ್ಪತ್ತೆರಡು ಗಂಟೆ. ಆದ್ದರಿಂದ ಎಪ್ಪತ್ಮೂರನೇ ಗಂಟೇಲಿ ನಾನು ಬಾಯಿ ಬಿಡ್ತೀನಿ," ಎಂದು ಕಿಟಕಿ ಮುಚ್ಚಿದರು. ಈ ಮಾತುಕತೆಯೂ ಮೂರನೇ ಮಹಡಿಯಲ್ಲಿ ದಾಖಲಾಯಿತು. ಕೈ ಮುಗಿದದ್ದು ಮಾತ್ರ ಕಂಡಿತ್ತು, ಮಾತು ಕೇಳಿಸಿರಲಿಲ್ಲ.

ಮರುದಿನ ಸೂಚನಾ ಫಲಕದಲ್ಲಿ ಭಾವನ ಸುತ್ತೋಲೆ ಅಂಟಿತ್ತು: "ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಸಮುಚ್ಚಯದ ಹುಲ್ಲುಹಾಸಿನ ಮೇಲೆ ಅನಧಿಕೃತ ಹಸಿರು ಕಂಡುಬಂದಿದ್ದು, ಸದರಿ ಹಸಿರು ಯಾವ ಕಿಟಕಿಯ ಕಡೆಗೆ ಹೋಗಿದೆ ಎಂಬುದರ ಬಗ್ಗೆ ನಿವಾಸಿಗಳು ಗುಸುಗುಸು ಮಾತಾಡುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ." ಅಲ್ಲಿಯ ತನಕ ಗೊತ್ತಿಲ್ಲದೇ ಇದ್ದ ಆರು ಮನೆಗಳಿಗೂ ಆಗ ಗೊತ್ತಾಯಿತು.

ಕೆಳಗೆ ಭಾವ ಅವರನ್ನು ತಡೆದು, ದನಿ ತಗ್ಗಿಸಿ ಹೇಳಿದ: "ನೋಡಿ ಭಾವ, ಪರೀಕ್ಷೆ ಗಿರೀಕ್ಷೆ ಬಿಡಿ. ನಾಳಿದ್ದೇ ಗೋದಾಮಿಗೆ ಬಂದ್ಬಿಡಿ. ಸ್ಟೂಲಿಗೆ ಮೆತ್ತೆ ಹೊಲಿಸ್ತೀನಿ. ನಮ್ಮ ತಂಗೀನೇ ಹೊಲೀತಾಳೆ." ಭಾವನ ಸದ್ಭಾವ ಕಂಡು ಅಂದಾಜಪ್ಪನವರಿಗೆ ಜ್ವರ ಬಂದ ಹಾಗಾಯಿತು. ಆ ಮೂರು ದಿನ ಮನೆಯಲ್ಲಿ ಊಟ ಸರಿಯಾದ ಹೊತ್ತಿಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಬಾಲ್ಕನಿಗಳಲ್ಲಿ ಕುರ್ಚಿ ಹಾಕಿದ್ದರು. ಮೇಡಂ ಬಂದರು. ಮಂಡಿಯೂರಿ ಹುಲ್ಲು ಹಿಡಿದು ಜಗ್ಗಿದರು. ಬೇರು ಬಿಡಲಿಲ್ಲ. ಮಟ್ಟ ಹಿಡಿದು ನೋಡಿದರು. ಸಂದು ಹುಡುಕಿದರು, ಸಿಗಲಿಲ್ಲ. "ಚೆನ್ನಾಗಿದೆ. ಚೆನ್ನಾಗಿದೆ," ಎಂದು ಎರಡು ಸಲ ಬರೆದುಕೊಂಡರು. ಅಂದಾಜಪ್ಪನವರ ಮೈಗೆ ಜೀವ ಬರುವಷ್ಟರಲ್ಲಿ ಮೇಡಂ ಹಸಿರು ಗೆರೆಯ ಮೇಲೆ ಹೋಗಿ ನಿಂತರು.

"ಇದೇನು?"

ಬಾಲ್ಕನಿಗಳು ಮುಂದಕ್ಕೆ ಬಾಗಿದವು. ಅಜ್ಜಿಯೂ ವಿವರಣೆ ನಿಲ್ಲಿಸಿದರು.

"ಹುಲ್ಲಿನ ಮೇಲಿನ ಕಲೆ ನೋಡಿ ಕಾರಣ ಹೇಳೋದಕ್ಕೆ ಮೂವತ್ತು ಅಂಕ. ಎಲ್ಲಿ, ಯಾಕೆ, ಎಷ್ಟು ಹೊತ್ತು. ಬಿಡಿಸಿ ಹೇಳಿ. ಜೋರಾಗಿ."

ಅಂದಾಜಪ್ಪ ಸುತ್ತ ನೋಡಿದರು. ಒಂದು ಕಡೆ ಹೆಂಡತಿ, ಕುತ್ತಿಗೆಯಲ್ಲಿ ಟೇಪು. ಒಂದು ಕಡೆ ಭಾವ, ಕಂಕುಳಲ್ಲಿ ಪುಟ್ಟ ಬಿಳಿ ನಾಯಿ. ಕಿಟಕಿಯಲ್ಲಿ ಟೀಚರ್, ಕೈಯಲ್ಲಿ ವಾಚು. ಎಪ್ಪತ್ತೆರಡು ಗಂಟೆ ಮುಗಿಯಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಹೇಳದಿದ್ದರೆ ಮೂವತ್ತು ಅಂಕ ಹೋಯಿತು, ಜೊತೆಗೆ ಮನೆಯ ಮರ್ಯಾದೆ. ಹೇಳಿದರೆ ಸುಳ್ಳು ಬಯಲು, ಅದಕ್ಕೂ ಫೇಲ್. ಅವರು ಕಣ್ಣು ಮುಚ್ಚಿಕೊಂಡರು.

"ಗಾಡಿ ಸೋರ್ತಿತ್ತು ಮೇಡಂ. ರಬ್ಬರ್ ಬದಲಾಯಿಸ್ಲಿಲ್ಲ, ಬಟ್ಟೆ ತುರುಕಿದ್ದೆ. ತುಂಬಿದ ಗಾಡಿ ತಳ್ಕೊಂಡೇ ಟ್ಯಾಂಕ್ ಹಿಂದೆ ಹೋದೆ. ಸಿಗರೇಟ್ ಸೇದ್ದೆ."

"ಏಳು ನಿಮಿಷ!" ಎಂದರು ಮೇಲಿನಿಂದ ಅಜ್ಜಿ. "ದಿನಾ ಟ್ಯಾಂಕ್ ಹಿಂದಿಂದ ಹೊಗೆ ಬರೋದು ಅಷ್ಟೇ ಹೊತ್ತು, ನನ್ನ ಹತ್ರ ಗಡಿಯಾರ ಇದೆ."

ಹೆಂಡತಿಯ ಹುಬ್ಬು ಕಾಲು ಇಂಚು ಮೇಲೇರಿತು.

"ಅಲ್ಲಿಂದ ಟೀಚರ್ ಕಿಟಕಿಗೆ ಹೋದೆ. ಎಷ್ಟು ಗೊಬ್ಬರ ಅಂತ ಲೆಕ್ಕ ಹೇಳಿಸ್ಕೊಂಡೆ. ನನಗೆ ಲೆಕ್ಕ ಬರ್ತಿರ್ಲಿಲ್ಲ. ಕ್ಲಾಸಲ್ಲಿ ಫಸ್ಟ್ ಅಂದಿದ್ದೂ ಸುಳ್ಳು. ಅಷ್ಟೇ ಮೇಡಂ. ಬೇರೇನೂ ಇಲ್ಲ."

"ಬೇರೇನೂ ಇಲ್ವಾ?" ಎಂದು ಎರಡನೇ ಮಹಡಿಯಿಂದ ನಿರಾಸೆಯ ದನಿ ಬಂತು.

"ಇಲ್ಲ," ಎಂದರು ಟೀಚರ್. "ಆದ್ದರಿಂದ ಎಲ್ಲರೂ ಒಳಗೆ ಹೋಗಬಹುದು." ಯಾರೂ ಹೋಗಲಿಲ್ಲ.

ಭಾವ ಗಂಟಲು ಸರಿಮಾಡಿಕೊಂಡ. "ಮಾನ್ಯ ಮೇಡಂ ಅವರ ಗಮನಕ್ಕೆ. ಲೆಕ್ಕ ಬೇರೆಯವರದು ಎಂಬುದು ಈಗ ಸ್ಪಷ್ಟವಾಗಿರುವುದರಿಂದ, ಸದರಿ ಅಭ್ಯರ್ಥಿ ಫೇಲ್ ಎಂದು ಘೋಷಿಸಿದರೆ, ಗೋದಾಮಿನಲ್ಲಿ ಸ್ಟೂಲು..."

"ಇನ್ನೂ ಮುಗಿದಿಲ್ಲ," ಎಂದರು ಮೇಡಂ. ಕಚ್. "ಅಲ್ಲಿ ಉಂಗುರಗಳಿವೆ. ನಡುವೆ ಸುಟ್ಟಿದೆ, ಸುತ್ತ ಹಸಿರು. ಏಳೆಂಟು ಇವೆ. ಅದು ಯಾವ ಸೋರಿಕೆ?"

ಅಂದಾಜಪ್ಪ ಹೋಗಿ ಬಗ್ಗಿ ನೋಡಿದರು. ಮೀಟರ್ ಓದುವಾಗ ಎಂದೂ ಬಗ್ಗದ ಸೊಂಟ ಅವತ್ತು ಬಗ್ಗಿತು. ಗಲ್ಲ ತುರಿಸಿಕೊಂಡರು. ಆಮೇಲೆ ಹೆಂಡತಿಯ ಕಡೆ ಕೈ ಚಾಚಿದರು.

"ಟೇಪ್ ಕೊಡೇ."

ಮದುವೆಯಾದಾಗಿನಿಂದ ಅವರು ಟೇಪು ಕೇಳಿದ್ದು ಅದೇ ಮೊದಲು. ಹೆಂಡತಿ ಬೆಚ್ಚಿಬಿದ್ದು ಕೊಟ್ಟರು.

"ಇದು ನಾಯಿ ಉಚ್ಚೆ ಮೇಡಂ. ನಡುವೆ ಜಾಸ್ತಿ ಆಗಿ ಸುಡುತ್ತೆ, ಅಂಚಿನಲ್ಲಿ ಗೊಬ್ಬರ ಆಗುತ್ತೆ. ಎಲ್ಲಾ ಉಂಗುರಾನೂ ಆ ಮೆಟ್ಟಿಲಿಂದ ಐದಡಿ ಒಳಗೇ ಇವೆ, ಒಂದೂ ಆಚೆ ಇಲ್ಲ. ಅಂದ್ರೆ ನಾಯಿ ಐದಡಿ ಹಗ್ಗದಲ್ಲಿದೆ. ಹಿಡಿದೋರು ಮೆಟ್ಟಿಲಿಳೀದೆ ನಿಂತಿರ್ತಾರೆ." ಅವರು ಮೆಟ್ಟಿಲು ನೋಡಿದರು. ಮೆಟ್ಟಿಲು ಭಾವನ ಮನೆಯದು. ಮೆಟ್ಟಿಲ ಪಕ್ಕದಲ್ಲೇ ಭಾವ ಸಹಿ ಮಾಡಿದ ಫಲಕ: ಹುಲ್ಲುಹಾಸಿನ ಮೇಲೆ ನಾಯಿಗಳನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.

ಭಾವನ ಕಂಕುಳಲ್ಲಿದ್ದ ನಾಯಿ ತನ್ನ ಕೃತಿಗಳನ್ನು ಗುರುತಿಸಿ ಸಂತೋಷದಿಂದ ಬಾಲ ಆಡಿಸಿತು. ಬಾಲ್ಕನಿಗಳು ಗೊಳ್ಳೆಂದವು. ಭಾವ ಸುತ್ತೋಲೆಗೆ ಪದ ಸಿಗದೆ, ನಾಯಿಯ ಸಮೇತ ಮೆಟ್ಟಿಲು ಹತ್ತಿದ.

"ಸರಿ. ಮೂವತ್ತಕ್ಕೆ ಮೂವತ್ತು," ಎಂದರು ಮೇಡಂ. "ಈಗ ಲೆಕ್ಕ. ನೀವೇ ಒಪ್ಪಿಕೊಂಡಿದ್ರಿಂದ ಹಳೇದು ರದ್ದು. ಹೊಸದು ಕೊಡ್ತೀನಿ. ಇದು ತಪ್ಪಿದ್ರೆ ಫೇಲ್. ಆ ಕೊನೇ ಪಟ್ಟಿಗೆ ಗೊಬ್ಬರ ಬಿದ್ದಿಲ್ಲ, ಹಳದಿಯಾಗಿದೆ. ಎಷ್ಟು ಕಮ್ಮಿ ಬಿತ್ತು?"

ಟೀಚರ್ ತುಟಿ ಕಚ್ಚಿಕೊಂಡು ಮುಖ ಆಚೆ ತಿರುಗಿಸಿದರು. ಅಂದಾಜಪ್ಪನವರು ಟೇಪಿನ ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ಮತ್ತೆ ಮತ್ತೆ ಸರಿಸಿ ಅಳೆದರು. ಉದ್ದ ಇಪ್ಪತ್ತು ಮೀಟರ್, ಅಗಲ ಒಂದು. ದಶಮಾಂಶದ ಚುಕ್ಕಿ ಹಾರಲು ತಯಾರಾಗಿತ್ತು. ಅವರು ನೆಲದ ಮೇಲೆ ಬೆರಳಿನಿಂದ ಒಂದು ಚೌಕ ಬರೆದರು. ಅದರ ಪಕ್ಕ ಇನ್ನೊಂದು.

"ಇಪ್ಪತ್ತು ಚೌಕ... ಒಂದಕ್ಕೆ ಐದು... ನೂರು. ನೂರು ಗ್ರಾಂ ಮೇಡಂ!"

ಕಿಟಕಿಯಲ್ಲಿ ಟೀಚರ್ ಚಪ್ಪಾಳೆ ತಟ್ಟಿದರು. ಅಜ್ಜಿ, "ಬೌಂಡರಿ!" ಎಂದು ಕೂಗಿದರು. ಹೆಂಡತಿಯ ಮುಖದಲ್ಲೂ ಮೂರು ದಿನದ ಬಿಗಿ ಸಡಿಲಿ ನಗು ಬರುವುದರಲ್ಲಿತ್ತು. ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅಂದಾಜಪ್ಪನವರು ಸುಖವಾಗಿರುತ್ತಿದ್ದರು. ಆದರೆ ನಲವತ್ತೆಂಟು ವರ್ಷಕ್ಕೆ ಮೊದಲ ಸಲ ಲೆಕ್ಕ ಸರಿಬಂದ ಮನುಷ್ಯನನ್ನು ನಿಲ್ಲಿಸುವವರು ಯಾರು?

"ಇನ್ನೂ ಇದೆ ಮೇಡಂ, ಇನ್ನೂ ಇದೆ!" ಎಂದು ಗಾಡಿ ಎಳೆತಂದು, ಕೆಳಗೆ ಕಾಗದ ಹಾಸಿ, ಯೂರಿಯಾ ಹಾಕಿ, ಒಂದು ನಿಮಿಷ ಸೋರಲು ಬಿಟ್ಟರು. ಟೀಚರ್ ಕಿಟಕಿಯಿಂದ ಅಡುಗೆಮನೆಯ ತಕ್ಕಡಿ ದಾಟಿಸಿದರು. ಐದು ಗ್ರಾಂ.

"ನಿಮಿಷಕ್ಕೆ ಐದು ಗ್ರಾಂ ಸೋರಿದೆ. ಒಟ್ಟು ಸೋರಿದ್ದು ನೂರು. ಅಂದ್ರೆ ಇಪ್ಪತ್ತು ನಿಮಿಷ. ಅದರಲ್ಲಿ ನಡೆದಾಡಿದ್ದು ಎರಡು. ಟ್ಯಾಂಕ್ ಹಿಂದೆ ಏಳು. ಆದ್ದರಿಂದ," ಎಂದು ಟೀಚರ್ ಧಾಟಿಯಲ್ಲೇ ಬೆರಳೆತ್ತಿದರು, "ಕಿಟಕಿ ಹತ್ರ ಸರಿಯಾಗಿ ಹನ್ನೊಂದು ನಿಮಿಷ!"

"ಪಾಸ್," ಎಂದು ಮೇಡಂ ಸಹಿ ಹಾಕಿದರು. "ಸೋಮವಾರ ಮೈದಾನಕ್ಕೆ ಬನ್ನಿ. ರಬ್ಬರ್ ಬದಲಾಯಿಸಿ."

ಬಾಲ್ಕನಿಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅಂದಾಜಪ್ಪನವರು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಕಡೆ ತಿರುಗಿದರು. ಆಕೆ ಟೇಪನ್ನು ನಿಧಾನವಾಗಿ, ಒಂದೊಂದೇ ಸುತ್ತು, ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಹನ್ನೊಂದಾ?" ಎಂದರು. "ನನಗೆ ಒಂಬತ್ತು ಅಂದಿದ್ರಿ."

"ಅದು... ಅದು ಅಂದಾಜು ಕಣೇ."

"ಇದು ಲೆಕ್ಕ ಅಲ್ವಾ? ಹಾಗಾದ್ರೆ ಇನ್ನೆರಡು ನಿಮಿಷ ಏನ್ ಮಾತಾಡಿದ್ರಿ?"

ಅಂದಾಜಪ್ಪನವರು ಸಹಾಯಕ್ಕಾಗಿ ಹುಲ್ಲಿನ ಕಡೆ ನೋಡಿದರು. ಇಷ್ಟು ದಿನ ಕೇಳದಿದ್ದರೂ ಎಲ್ಲವನ್ನೂ ಹೇಳಿದ ಹುಲ್ಲು, ಈಗ ಬಾಯಿ ಬಿಡಲಿಲ್ಲ.